ಮೊದಲು ಐಬು, ಆಮೇಲೆ ಬೆಲೆ

ಜನವರಿ ೪, ೧೯೬೪, ಶನಿವಾರ

ಅಂಗಡಿಯಲ್ಲಿ ಎಲ್ಲರಿಗೂ ಒಂದೊಂದು ಡೈರಿ ಕೊಟ್ಟರು. ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ: ಗುರುಶಾಂತಪ್ಪ ಅಂಡ್ ಸನ್ಸ್, ಜವಳಿ ವ್ಯಾಪಾರಿಗಳು, ಚಿಕ್ಕಪೇಟೆ ಮತ್ತು ಜಯನಗರ. ಅದರ ಕೆಳಗೆ: ಮೊದಲು ಐಬು, ಆಮೇಲೆ ಬೆಲೆ. ಅಭ್ಯಾಸ, ಉಜ್ಜಿ ನೋಡಿದೆ. ಚಿನ್ನ ಬೆರಳಿಗೆ ಬಂತು.

ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಂಗಡಿ ಮುಚ್ಚಿರುತ್ತದೆ. ಉಳಿದವರು ಉಂಡು ಸುತ್ತಿಟ್ಟ ಬಟ್ಟೆಯ ಥಾನುಗಳ ಮೇಲೆ ತಲೆಯಿಟ್ಟು ಮಲಗುತ್ತಾರೆ. ನನಗೆ ಹಗಲು ನಿದ್ದೆ ಬರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಯಾರಿಗೆಂದೂ ಅಲ್ಲ.

ರಟ್ಟಿನ ಮೇಲಿನ ಮಾತು ದೊಡ್ಡ ಯಜಮಾನರಾದ ಗುರುಶಾಂತಪ್ಪನವರದು. ಬಟ್ಟೆ ಬಿಚ್ಚಿದ ಕೂಡಲೆ ಗಿರಾಕಿಗೆ ಅದರ ಒಂದು ಐಬು ಹೇಳಬೇಕು. ಮಡಿಕೆಯಲ್ಲಿ ಬಿಸಿಲು ತಿಂದು ಬಣ್ಣ ಮಾಸಿದ್ದರೆ ಅದನ್ನು, ಎಳೆ ತಪ್ಪಿದ್ದರೆ ಅದನ್ನು, ಬಣ್ಣ ಬಿಡುವುದಾದರೆ ಅದನ್ನು. ಬೆಲೆ ಅದರ ನಂತರ. ಚಿಕ್ಕಪೇಟೆಯಲ್ಲಿ ಅವರು ಗಾದಿಯ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಐಬಿಗಿಂತ ಮೊದಲು ಬೆಲೆ ಕಿವಿಗೆ ಬಿದ್ದರೆ ಒಂದು ಸಲ ಕೆಮ್ಮುತ್ತಿದ್ದರು. ಬೈದದ್ದು ನಾನು ಕೇಳಿಲ್ಲ. ಇಪ್ಪತ್ತೆರಡು ವರ್ಷ ಆ ಕೆಮ್ಮಿಗೆ ಹೆದರಿ ಕೆಲಸ ಮಾಡಿದ್ದೇನೆ.

ಇಲ್ಲಿ ಜಯನಗರದ ಅಂಗಡಿಯನ್ನು ನೋಡಿಕೊಳ್ಳುವುದು ಅವರ ಮಗ ಗೌರೀಶಂಕರ. ಮೂವತ್ತು ದಾಟಿಲ್ಲ. ಬೊಂಬಾಯಿಯ ದೊಡ್ಡ ಅಂಗಡಿಯೊಂದರಲ್ಲಿ ಎರಡು ವರ್ಷ ಇದ್ದು ಬಂದಿದ್ದಾನೆ.

ಐಬು ಹೇಳುವುದರಲ್ಲಿ ನಮ್ಮ ತಿಮ್ಮರಾಯಪ್ಪನನ್ನು ಮೀರಿಸಿದವರಿಲ್ಲ. ತಿಮ್ಮಣ್ಣ ಬೇಗೂರಿನವನು, ನನಗಿಂತ ಆರು ವರ್ಷ ದೊಡ್ಡವನು. ಚಿಕ್ಕಪೇಟೆಯಲ್ಲೂ ನಾವಿಬ್ಬರೂ ಒಂದೇ ಕೌಂಟರು, ಇಲ್ಲೂ ಒಂದೇ. ಇವತ್ತು ಅವನ ಊರಿನ ಹೆಂಗಸೊಬ್ಬಳು ಸೀರೆ ಹಿಡಿದು, ‘ಹೆಂಗೈತೆ ತಿಮ್ಮರಾಯಪ್ಪ ಇದು?’ ಎಂದಳು.

‘ಹೊಸ ಸೊಸೆ ಇದ್ದಂಗೈತೆ ಕಣಮ್ಮ. ಮೂರು ಒಗೆತ ಬಾಯಿ ಬಿಡಾಕಿಲ್ಲ. ನಾಕನೇದಕ್ಕೆ ಮನೇರ್ಗೆಲ್ಲ ಬಣ್ಣ ಹಚ್ತದೆ.’

ಆಕೆ ನಗುತ್ತ ಎರಡು ಕೊಂಡಳು.

ಜನವರಿ ೧೧, ಶನಿವಾರ

ಬೆಳಿಗ್ಗೆ ಎಂಟೂವರೆಗೇ ಎಲ್ಲರನ್ನೂ ಕರೆಸಿದ್ದರು. ಹನ್ನೊಂದು ಜನ ಕೌಂಟರಿನ ಹೊರಗೆ, ಗಿರಾಕಿಗಳು ಕೂರುವ ಬೆಂಚುಗಳ ಮೇಲೆ. ಅಲ್ಲಿ ಕೂತು ನೋಡಿದರೆ ನಮ್ಮ ಅಂಗಡಿ ಬೇರೆಯವರ ಅಂಗಡಿಯ ಹಾಗಿದೆ.

ಗೌರೀಶಂಕರ ಹೇಳಿದ: ‘ಅಪ್ಪಾಜಿ ಬಟ್ಟೆಗೆ ಮಾಡಿದ್ದನ್ನ ನಾವು ನಮಗೇ ಮಾಡ್ಕೊಳ್ಳೋಣ. ಬಟ್ಟೆ ಐಬು ಹೇಳೋ ಧೈರ್ಯ ಇರೋರು ಮನುಷ್ಯರ ಐಬು ಹೇಳೋಕೆ ಯಾಕೆ ಹೆದರ್ಬೇಕು? ಪ್ರತಿ ಶನಿವಾರ ಚೀಟಿ ಎತ್ತೋದು. ಯಾರ ಹೆಸರು ಬರುತ್ತೋ ಅವರದೊಂದು ಐಬು ಹೇಳೋದು. ಕೋಪ ಇಲ್ಲ, ಉತ್ತರ ಇಲ್ಲ. ಹೇಳಿಸ್ಕೊಂಡೋರು ಒಪ್ಪಿದೆ ಅನ್ಬೇಕು, ಅಷ್ಟೇ. ಒಂದು ಸಲ ಹೇಳಿದ ಐಬನ್ನ ಮತ್ತೆ ಹೇಳಂಗಿಲ್ಲ.’

ಚೀಟಿಗಳು ಅಂಗಿಗುಂಡಿಗಳ ಡಬ್ಬಿಯಲ್ಲಿದ್ದವು. ತಿಮ್ಮಣ್ಣನ ಹೆಸರು ಜಯಶೀಲಾಳಿಗೆ ಬಂತು. ಕೌಂಟರಿಗೆ ಬಂದ ಮೊದಲ ಹೆಂಗಸು ಅವಳು. ಇಲ್ಲಿನ ಹೊಸ ಮನೆಗಳ ಹೆಂಗಸರಿಗೆ ಗಂಡಸರ ಎದುರು ಸೀರೆ ಆರಿಸಲು ಸಂಕೋಚ ಎಂದು ಗೌರೀಶಂಕರ ಕೆಲಸಕ್ಕೆ ತೆಗೆದುಕೊಂಡದ್ದು. ಇಪ್ಪತ್ತು ವರ್ಷ ಇರಬಹುದು. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

‘ಎಲೆ ಅಡಿಕೆ ಹಾಕ್ತಾರೆ. ಬಿಳೀ ಥಾನಿನ ಹತ್ರ ನಿಂತು ಮಾತಾಡ್ತಿದ್ರೆ ನಂಗೆ ಭಯ ಆಗುತ್ತೆ.’

‘ಒಪ್ಪಿದೆ ಕಣವ್ವ. ನಂಗೂ ಭಯಾನೇ.’

ಎಲ್ಲರೂ ನಕ್ಕರು. ‘ಒಪ್ಪಿದೆ ಅಂದ್ರೆ ಸಾಕು, ತಿಮ್ಮರಾಯಪ್ಪ,’ ಎಂದ ಗೌರೀಶಂಕರ.

ನನ್ನ ಐಬು ಹೇಳಿದವರು ಕೈಬರಹ ಚಿಕ್ಕದು ಎಂದರು. ಒಪ್ಪಿದೆ ಎಂದೆ. ಆಟದ ಹಾಗಿತ್ತು.

ಫೆಬ್ರವರಿ ೩, ಸೋಮವಾರ

ತಿಮ್ಮಣ್ಣ ನನ್ನನ್ನು ಗೋದಾಮಿಗೆ ಕರೆದ. ಎರಡು ಥಾನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ‘ಇದ್ರಲ್ಲಿ ಹಸ್ರು ಯಾವ್ದು ಹೇಳು’ ಎಂದ. ಎಡಗಡೆಯದು ಎಂದೆ.

‘ನಂಗೆ ಎಲ್ಡೂ ಒಂದೇ ಕಣೋ. ಎಲ್ಡೂ ನೆನೆಸಿಟ್ಟ ಬೂದಿ.’

ಕಣ್ಣಿಗೆ ಪೊರೆ ಬಂದಿದೆ. ಆಸ್ಪತ್ರೆಗೂ ಹೋಗಿಬಂದಿದ್ದಾನೆ. ಇನ್ನೂ ಹಣ್ಣಾಗಿಲ್ಲ, ದಸರೆ ಕಳೆಯಲಿ, ಆಮೇಲೆ ತೆಗೆಯೋಣ ಎಂದರಂತೆ.

‘ಹಣ್ಣಾಗ್ಲಿ ಅಂತ ಕಾಯಾಕೆ ಇದೇನು ಸೀಬೇಕಾಯಾ, ರೇವಣ್ಣ?’

ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕ ಕೊಡುತ್ತಾರೆ. ಮೊದಲಿನಂತೆಯೇ ಕಾಣುತ್ತದಂತೆ. ಅಲ್ಲಿಯವರೆಗೆ, ಎಂಟು ಒಂಬತ್ತು ತಿಂಗಳು, ಯಾರಿಗೂ ಗೊತ್ತಾಗಬಾರದು. ಗೌರೀಶಂಕರನ ಕಾಯಿದೆ ಎಲ್ಲರಿಗೂ ಗೊತ್ತಿದೆ. ಕೌಂಟರು ಬಿಟ್ಟವರನ್ನು ಹಿಂದಕ್ಕೆ ಕರೆಯುವುದಿಲ್ಲ. ಟೈಫಾಯಿಡ್ ಬಂದು ಮಲಗಿದ ಬೋರಣ್ಣನ ಜಾಗಕ್ಕೆ ಮೂರನೇ ವಾರವೇ ಬೇರೆಯವರು ಬಂದರು. ತಿಮ್ಮಣ್ಣನಿಗೆ ಬೇಗೂರಿನಲ್ಲಿ ಉಳಿದಿರುವುದು ಮನೆ ಮಾತ್ರ. ಹೊಲ ದಾಯಾದಿಗಳ ಪಾಲಾಗಿದೆ.

ಬಟ್ಟೆಯ ಜಾತಿ ಅವನ ಬೆರಳಿಗೆ ಗೊತ್ತು. ಮಿಲ್ಲಿನ ಹೆಸರನ್ನೂ ಹೇಳಬಲ್ಲ. ಬಣ್ಣವೊಂದೇ ತೊಂದರೆ. ಇಬ್ಬರೂ ಸೇರಿ ಕೌಂಟರಿನ ಹಿಂದಿನ ಬಟ್ಟೆಯ ಗೂಡುಗಳನ್ನು ಜೋಡಿಸಿದೆವು. ಎಡದಿಂದ ಬಿಳಿ, ಹಳದಿ, ಕೆಂಪು, ಹಸಿರು, ನೀಲಿ, ನೇರಳೆ, ಕೊನೆಗೆ ಕಪ್ಪು. ನೋಡಿದವರಿಗೆ ಅಲಂಕಾರ ಎನ್ನಿಸುತ್ತದೆ. ಅವನಿಗೆ ಅದೇ ಕಣ್ಣು.

‘ಗೂಡು ಕದಲಿಸ್ಬೇಡ, ಅಷ್ಟೇಯ.’

‘ಕದಲಿಸಲ್ಲ.’

ಫೆಬ್ರವರಿ ೧೫, ಶನಿವಾರ

ನನಗೆ ಜಯಶೀಲಾಳ ಚೀಟಿ ಬಂತು. ಎದ್ದು ನಿಲ್ಲುವವರೆಗೂ ಏನು ಹೇಳುವುದೆಂದು ತಿಳಿದಿರಲಿಲ್ಲ. ನಿಂತ ಮೇಲೆ ತಾನಾಗಿ ಬಂತು.

‘ಒಳಗೆ ಬಂದವರ ಮುಖ ನೋಡೋ ಮೊದಲು ಕಾಲು ನೋಡ್ತಾಳೆ. ಚಪ್ಪಲಿ ನೋಡಿ ಯಾವ ಸೀರೆ ತೆಗೀಬೇಕು ಅಂತ ತೀರ್ಮಾನ ಮಾಡ್ತಾಳೆ.’

ಹುಡುಗಿಯ ಮುಖ ಕೆಂಪಾಯಿತು. ಒಪ್ಪಿದೆ ಎಂದಳು. ಗೌರೀಶಂಕರ ಮೇಜು ತಟ್ಟಿದ. ‘ಇದು ನೋಡಿ ಐಬು ಅಂದ್ರೆ. ಕೈಬರಹ, ಎಲೆ ಅಡಿಕೆ ಅಲ್ಲ. ರೇವಣಸಿದ್ದಪ್ಪನವರ ಕಣ್ಣು ನೋಡಿ ಕಲೀರಿ.’

ನಾನು ಹೇಳಿದ್ದು ನಿಜ. ನಿಜವನ್ನು ಹೇಳುವಾಗ ಎದೆಯಲ್ಲಿ ಒಂದು ಹಗುರ ಬರುತ್ತದೆ. ಒಳ್ಳೆಯ ಕತ್ತರಿ ಬಟ್ಟೆಯ ಮೇಲೆ ತಡೆಯಿಲ್ಲದೆ ಓಡುವ ಹಾಗೆ. ಬಟ್ಟೆಯ ಐಬು ಹೇಳುವಾಗ ಇದು ಬರುತ್ತಿರಲಿಲ್ಲ.

ಮಾರ್ಚ್ ೯, ಸೋಮವಾರ

ನಿನ್ನೆ ಊಟಕ್ಕೆ ಕೂತಾಗ ಹೆಂಡತಿ ನೀಲಗಂಗಮ್ಮನಿಗೆ ಒಂದು ಮಾತು ಹೇಳಿದೆ. ನೀನು ಬಡಿಸುವಾಗ ಬೇರೆ ಏನನ್ನೋ ಯೋಚಿಸುತ್ತಿರುತ್ತೀಯ, ಸೌಟು ಎಲೆಯ ಅಂಚಿನಲ್ಲೇ ನಿಲ್ಲುತ್ತದೆ, ಎಂದೆ. ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ, ಈಗ ಹೇಳಿದೆ.

‘ಮನೇಲೂ ಶನಿವಾರ ಮಾಡ್ತೀರಾ?’ ಎಂದಳು.

ನಾನು ನಕ್ಕೆ. ಅವಳು ಸೌಟನ್ನು ನಡು ಎಲೆಗೆ ತಂದು ಬಡಿಸಿದಳು.

ಮಾರ್ಚ್ ೨೧, ಶನಿವಾರ

ಜಯಶೀಲಾಳಿಗೆ ನನ್ನ ಚೀಟಿ ಬಂತು.

‘ಐಬು ಹೇಳೋವಾಗ ಇವ್ರಿಗೆ ಖುಷಿ ಆಗುತ್ತೆ,’ ಎಂದಳು.

ಒಪ್ಪಿದೆ ಎಂದೆ. ನಿಯಮ ಇರುವುದರಿಂದ ಎಂದೆ. ಮಾತಿನಲ್ಲಿ ಹುರುಳಿಲ್ಲ. ನಾನು ಹೇಳಿದ ಐಬಿಗೆ ಅವಳು ಕೊಟ್ಟ ಉತ್ತರ ಇದು, ಒಂದು ತಿಂಗಳು ತಡವಾಗಿ. ಈಗ ಗಿರಾಕಿಗಳ ಕಾಲು ನೋಡುವುದನ್ನು ಬಿಟ್ಟಿದ್ದಾಳೆ. ಕಣ್ಣನ್ನೇ ದಿಟ್ಟಿಸುತ್ತಾಳೆ. ಗಿರಾಕಿಗಳು ಕಸಿವಿಸಿಗೊಂಡು ತಮ್ಮ ಕಾಲನ್ನು ನೋಡಿಕೊಳ್ಳುತ್ತಾರೆ.

ಏಪ್ರಿಲ್ ೮, ಬುಧವಾರ

ಯುಗಾದಿಯ ನೂಕುನುಗ್ಗಲು. ಯಜಮಾನರು, ಗೌರೀಶಂಕರ ಅವರು, ನಮ್ಮಿಬ್ಬರನ್ನೂ ಕರೆದು, ಇಷ್ಟು ಜನ ಇರುವಾಗ ಬಟ್ಟೆಯ ಐಬನ್ನು ತಾವಾಗಿ ಹೇಳುವುದು ಬೇಡ, ಕೇಳಿದರೆ ಹೇಳಿ, ಎಂದರು.

ತಿಮ್ಮಣ್ಣ ಕೇಳಿದ: ‘ಕೇಳ್ದಿದ್ರೆ, ಸಾಮಿ?’

‘ಕೇಳ್ದಿದ್ರೆ ಅವರಿಗೆ ಬೇಕಿಲ್ಲ ಅಂತ. ಐಬು ಹೇಳೋ ಅಭ್ಯಾಸ ನಾವೇನೂ ಬಿಟ್ಟಿಲ್ಲವಲ್ಲ. ಶನಿವಾರ ಇದೆ.’

ಯೋಚಿಸಿದರೆ ಅದರಲ್ಲಿ ನ್ಯಾಯವಿದೆ. ಬಟ್ಟೆ ಇವತ್ತು ಬಂದು ನಾಳೆ ಹೋಗುತ್ತದೆ. ಉಳಿಯುವವರು ನಾವು. ತಿಮ್ಮಣ್ಣ ಮಾತ್ರ ಮಧ್ಯಾಹ್ನವೆಲ್ಲ ಹೇಳುತ್ತಲೇ ಇದ್ದ. ಅವನ ಮುಂದೆ ಸಾಲು ನಿಧಾನವಾಗಿ ಸರಿಯುತ್ತಿತ್ತು.

ಮೇ ೨೮, ಗುರುವಾರ

ಪ್ರಧಾನಿ ತೀರಿಕೊಂಡ ಸುದ್ದಿ ನಿನ್ನೆಯೇ ಬಂತು. ಇವತ್ತು ಅಂಗಡಿ ಮುಚ್ಚಿದ್ದರೂ ಪಕ್ಕದ ಬಾಗಿಲಲ್ಲಿ ಜನ ಬಂದು ಕಪ್ಪು ಬಟ್ಟೆ ಕೇಳುತ್ತಿದ್ದರು. ತಿಮ್ಮಣ್ಣ, ನಾನು ಇಬ್ಬರೇ. ಶಾಲೆಯ ಮಾಸ್ತರರೊಬ್ಬರು ಮಕ್ಕಳ ತೋಳಿಗೆ ಕಟ್ಟಲು ಮೂರು ಮೀಟರು ಬೇಕೆಂದರು. ತಿಮ್ಮಣ್ಣ ಕೊನೆಯ ಗೂಡಿಗೆ ಕೈ ಹಾಕಿ ಥಾನು ತೆಗೆದು ಅಳೆದ. ಕಡುನೀಲಿ. ಬೆಳಿಗ್ಗೆ ಯಾರೋ ಆತುರದಲ್ಲಿ ಗೂಡು ತಪ್ಪಿಸಿ ಇಟ್ಟಿದ್ದರು. ಯಾರೋ ಎಂದರೆ ನಾನೇ.

ಅರ್ಧ ಬಾಗಿಲ ಬೆಳಕಿನಲ್ಲಿ ಮಾಸ್ತರರಿಗೂ ತಿಳಿಯಲಿಲ್ಲ. ಅವರ ಕಣ್ಣು ತುಂಬಿತ್ತು. ಕತ್ತರಿ ಇಡುವ ಮೊದಲು ನಾನು ಥಾನು ಬದಲಿಸಿದೆ.

ಅವರು ಹೋದ ಮೇಲೆ ತಿಮ್ಮಣ್ಣ ಕೇಳಿದ: ‘ಯಾವ್ದು ತೆಗ್ದಿದ್ದೆ?’

‘ನೀಲಿ.’

‘ಒಳ್ಳೇದಾಯ್ತು ಬಿಡು. ಮಕ್ಳು ನೀಲಿ ಕಟ್ಕೊಂಡು ಅಳ್ತಿದ್ವು.’ ಆಮೇಲೆ, ‘ಇನ್ನು ನಾಕೈದು ತಿಂಗ್ಳು ಕಣೋ ರೇವಣ್ಣ. ಹೆಂಗಾರ ದಾಟಿಸು.’

ದಾಟಿಸುತ್ತೇನೆ ಎಂದೆ. ಪ್ರತಿ ದಿನ ಇನ್ನೊಬ್ಬರ ಕಣ್ಣಾಗಿರುವುದು ದಣಿವಿನ ಕೆಲಸ. ಇದನ್ನು ಅವನಿಗೆ ಹೇಳಲಿಲ್ಲ.

ಜೂನ್ ೬, ಶನಿವಾರ

ನನಗೆ ತಿಮ್ಮಣ್ಣನ ಚೀಟಿ ಬಂತು.

ಎಲೆ ಅಡಿಕೆ ಜನವರಿಯಲ್ಲೇ ಹೋಗಿತ್ತು. ಬೇಗೂರಿನ ಬಸ್ಸು ತಡವಾಗುವುದು ಮಾರ್ಚಿನಲ್ಲಿ. ಹಳ್ಳಿಯವರ ಜೊತೆ ಅತಿ ಮಾತು ಹೋದ ತಿಂಗಳು. ಹೇಳಿದ್ದನ್ನೇ ಹೇಳುವಂತಿಲ್ಲ. ಇಲ್ಲದ್ದೊಂದನ್ನು ಕಟ್ಟಿ ಹೇಳಬಹುದಿತ್ತು. ಆದರೆ ಇಲ್ಲದ ಐಬು ಹೇಳಿ ನನಗೆ ಅಭ್ಯಾಸವಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಇದ್ದವುಗಳಲ್ಲಿ ಅತಿ ಚಿಕ್ಕದನ್ನು ಆರಿಸಿದೆ.

‘ಗೂಡಿನಲ್ಲಿ ಬಟ್ಟೆ ಜಾಗ ಬದಲಾದ್ರೆ ಇವ್ರಿಗೆ ಕೈ ಓಡಲ್ಲ.’

ತಿಮ್ಮಣ್ಣ ನನ್ನ ಕಡೆ ತಿರುಗಿದ. ಅವನ ನೋಟ ನನ್ನಿಂದ ಒಂದು ಮೊಳ ಬಲಕ್ಕೆ ಹೋಯಿತು, ಖಾಲಿ ಗೋಡೆಗೆ.

‘ಒಪ್ಪಿದೆ,’ ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಯಜಮಾನರು ಎದ್ದು ಗೂಡುಗಳ ಮುಂದೆ ಹೋಗಿ ನಿಂತರು. ‘ಇದು ಒಬ್ಬರ ಐಬಲ್ಲ, ಇಡೀ ಅಂಗಡಿ ಐಬು. ನಾವೆಲ್ಲ ಜಾಗಕ್ಕೆ ಒಗ್ಗಿಬಿಟ್ಟಿದೀವಿ. ಇನ್ಮೇಲೆ ಪ್ರತಿ ಸೋಮವಾರ ಗೂಡು ಬದಲಾಗ್ಲಿ. ಎಲ್ಲರ ಕೈಯೂ ಚುರುಕಾಗುತ್ತೆ.’ ನನ್ನ ಕಡೆ ನೋಡಿ, ‘ಕ್ರಮ ನೀವೇ ಬರೀರಿ. ನಿಮ್ಮನ್ನ ಮೇಲ್ವಿಚಾರಕರು ಅಂತ ಮಾಡೋಕೆ ಅಪ್ಪಾಜಿಗೆ ಹೇಳಿದೀನಿ.’

ಇದನ್ನು ನಾನು ಕೇಳಿಕೊಂಡಿರಲಿಲ್ಲ. ಬೇಡ ಎನ್ನಲೂ ಇಲ್ಲ. ಕ್ರಮ ನನ್ನ ಕೈಯಲ್ಲೇ ಇದ್ದರೆ ತಿಮ್ಮಣ್ಣನಿಗೆ ಅನುಕೂಲ. ಅವನಿಗೆ ಮೊದಲೇ ಹೇಳಬಹುದು. ಬೇರೆಯವರ ಕೈಗೆ ಹೋಗಿದ್ದರೆ?

ಜೂನ್ ೮, ಸೋಮವಾರ

ಬಸ್ಸು ಇಳಿಯುವಲ್ಲೇ ಕಾದಿದ್ದು ಹೊಸ ಕ್ರಮ ಹೇಳಿದೆ. ಅವನು ಮಗ್ಗಿಯ ಹಾಗೆ ಒಪ್ಪಿಸಿದ: ‘ಕೆಂಪು, ಕಪ್ಪು, ಬಿಳಿ, ನೀಲಿ, ಹಳ್ದಿ, ಹಸ್ರು, ನೇರ್ಳೆ.’ ಅಂಗಡಿಯವರೆಗೂ ತುಟಿ ಅಲ್ಲಾಡುತ್ತಿತ್ತು.

ಬಾಗಿಲ ಹತ್ತಿರ ನಿಂತು, ‘ಬೇರೆ ಏನಾರ ಹೇಳ್ಬಾರ್ದಿತ್ತಾ ನೀನು?’ ಎಂದ.

‘ಅದೇ ಚಿಕ್ಕದು ಅಂತ ಹೇಳಿದೆ, ತಿಮ್ಮಣ್ಣ.’

‘ಚಿಕ್ಕದೇಯ,’ ಎಂದ.

ಜೂನ್ ೨೨, ಸೋಮವಾರ

ಮೂರನೇ ಕ್ರಮ. ಬಸ್ಸಿನ ಹತ್ತಿರ ಹೋಗಲಾಗಲಿಲ್ಲ. ಮಾಲು ಬರುವುದಿತ್ತು. ಅಂಗಡಿಯೊಳಗೇ, ಹಾದುಹೋಗುವಾಗ ಹೇಳಿದೆ. ಇನ್ನೊಂದು ಸಲ ಹೇಳು ಎಂದ. ಹೇಳಿದೆ. ಮೂರನೆಯ ಸಲ ಕೇಳಿದಾಗ ಹತ್ತಿರ ಜನರಿದ್ದರು.

ಮೇಲ್ವಿಚಾರಕನ ಕುರ್ಚಿ ಬಂದಿದೆ. ಅಲ್ಲಿಂದ ಏಳು ಗೂಡೂ, ಹತ್ತು ಜನರೂ ಕಾಣುತ್ತಾರೆ.

ಜೂನ್ ೨೯, ಸೋಮವಾರ

ಕ್ರಮ ಬರೆದು ಅಂಟಿಸಿದೆ. ಈ ಸಲ ಚೆನ್ನಾಗಿ ಬಂದಿದೆ. ಹಸಿರಿದ್ದ ಗೂಡಿಗೆ ಕಪ್ಪು, ಅದರ ಪಕ್ಕಕ್ಕೆ ಹಳದಿ. ಒಂದನ್ನೊಂದು ಎತ್ತಿ ತೋರಿಸುತ್ತವೆ. ಯಜಮಾನರೂ ಮೆಚ್ಚಿದರು. ಶ್ರಾವಣದ ಮಾಲಿನ ವಿಷಯ ಅವರೊಡನೆ ಮಾತಾಡುತ್ತಿದ್ದಾಗ ತಿಮ್ಮರಾಯಪ್ಪ ಬಂದು ಕ್ರಮ ಏನೆಂದು ಕೇಳಿದರು.

‘ಗೋಡೆ ಮೇಲೆ ಅಂಟಿಸಿದೆ, ನೋಡ್ಕೊಳ್ಳಿ,’ ಎಂದೆ.

ಅವರು ಗೋಡೆಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಿದ್ದು ಬಂದರು. ಮಧ್ಯಾಹ್ನ ಲೆಕ್ಕವಿಲ್ಲದಷ್ಟು ಕೆಲಸ. ಊಟಕ್ಕೂ ಏಳಲಿಲ್ಲ.

ಜುಲೈ ೧, ಬುಧವಾರ

ಗೊಟ್ಟಿಗೆರೆಯ ಹಿರಿಯರೊಬ್ಬರು ಸೋಮವಾರ ಸಂಜೆ ಬಂದು, ಸೊಸೆಯ ಸೀಮಂತಕ್ಕೆ ಹಸಿರು ಸೀರೆ ಆರಿಸಿ, ಅದೇ ತರಹದ ಇನ್ನು ಮೂರನ್ನು ಕಟ್ಟಿಕೊಡಿ ಎಂದಿದ್ದರಂತೆ. ತಿಮ್ಮರಾಯಪ್ಪ ಮೂರನ್ನು ಗೂಡಿನಿಂದ ತೆಗೆದು, ಬಿಚ್ಚದೆ, ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾರೆ. ನಿನ್ನೆ ಮಡಿಲು ತುಂಬುವ ಹೊತ್ತಿಗೆ ಕಾಗದ ಬಿಚ್ಚಿದರೆ ಮೂರೂ ಕಪ್ಪು.

ಇವತ್ತು ಆ ಮನುಷ್ಯ ಬಂದು ಗಂಟನ್ನು ಕೌಂಟರಿನ ಮೇಲಿಟ್ಟರು. ಬೈಯಲಿಲ್ಲ. ‘ತಿಮ್ಮರಾಯಪ್ಪ, ನಮ್ಮೋನು ಅಂತ ನಿನ್ನ ಹತ್ರ ಬಂದ್ರೆ ನೀನು ಹಿಂಗಾ ಮಾಡಾದು?’ ಎಂದರು. ‘ಬಸುರಿ ಹುಡ್ಗಿ ನಿನ್ನೆಯಿಂದ ಊಟ ಮಾಡಿಲ್ಲ.’

ಅವರಿಗೆ ಹಸಿರು ಸೀರೆ ಕೊಟ್ಟು ಕಳಿಸಿದ ಮೇಲೆ ಯಜಮಾನರು ಕಪ್ಪು ಸೀರೆಯನ್ನು ತಿಮ್ಮರಾಯಪ್ಪನವರ ಮುಂದೆ ಹಿಡಿದರು.

‘ಇದೇನು ಹೇಳಿ.’

ತಿಮ್ಮರಾಯಪ್ಪ ಅಂಚನ್ನು ಬೆರಳಲ್ಲಿ ಉಜ್ಜಿದರು. ‘ಸೇಲಂ ನೂಲು. ಎಂಬತ್ತನೇ ನಂಬರು. ಅಂಚು ಒಂಚೂರು ಬಿಗಿ.’

‘ಬಣ್ಣ ಕೇಳಿದೆ.’

ಅವರು ಅಂಚನ್ನು ಇನ್ನೊಮ್ಮೆ ಉಜ್ಜಿದರು. ಆಮೇಲೆ, ‘ಗೂಡ್ನಲ್ಲಿ ಇಟ್ಟು ಕೇಳಿ ಸಾಮಿ, ಹೇಳ್ತೀನಿ,’ ಎಂದರು.

ಯಜಮಾನರು ನನ್ನನ್ನು ನೋಡಿದರು. ‘ನಿಮಗೆ ಗೊತ್ತಿತ್ತಾ?’

‘ಅನುಮಾನ ಇತ್ತು,’ ಎಂದೆ.

ಜಯಶೀಲಾ ಮಡಿಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

ಸೋಮವಾರ ಅವರಿಗೆ ಕ್ರಮ ಹೇಳಿದ್ದೆನೆಂದೇ ನನ್ನ ನೆನಪು. ಹಿಂದಿನ ಪುಟ ತಿರುಗಿಸಿದರೆ ತಿಳಿಯುತ್ತದೆ. ತಿರುಗಿಸಲಿಲ್ಲ.

ಜುಲೈ ೪, ಶನಿವಾರ

ಚೀಟಿಯ ಬದಲು ಇವತ್ತು ಬೀಳ್ಕೊಡುಗೆ. ದಸರೆಯವರೆಗೆ ಗೋದಾಮಿನಲ್ಲಾದರೂ ಇರುತ್ತೇನೆ ಎಂದು ತಿಮ್ಮರಾಯಪ್ಪನವರು ಕೇಳಿದರಂತೆ. ಒಬ್ಬರಿಗೆ ಸಡಿಲ ಮಾಡಿದರೆ ಎಲ್ಲರಿಗೂ ಮಾಡಬೇಕಾಗುತ್ತದೆ. ಯಜಮಾನರ ಕಷ್ಟ ಅವರಿಗೆ.

ಮಾರಾಟವಾಗದೆ ಮಿಕ್ಕಿರುವುದರಲ್ಲಿ ಒಂದು ಶಾಲು ತೆಗೆಯಿರಿ ಎಂದು ನನಗೆ ಹೇಳಿದ್ದರು. ಕೆನೆ ಬಣ್ಣದ್ದೊಂದನ್ನು ತೆಗೆದೆ. ಮಡಿಕೆಯ ಉದ್ದಕ್ಕೂ ಬಿಸಿಲು ತಿಂದ ಗೆರೆ ಇದೆ. ಗಾಜಿನ ಬೀರುವಿನಲ್ಲಿ ಎರಡು ಬೇಸಿಗೆ ಕಳೆದದ್ದು. ಮಾರುವ ಹಾಗಿರಲಿಲ್ಲ. ಉಣ್ಣೆ ಒಳ್ಳೆಯದು, ಅವರಿಗೆ ಕಾಣುವುದೂ ಇಲ್ಲ.

ನಾನೇ ಹೊದಿಸಿದೆ. ಅವರು ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, ‘ಚೆನ್ನಾಗೈತೆ. ಐಬು?’ ಎಂದರು. ಎಲ್ಲರೂ ನಕ್ಕರು.

‘ಏನೂ ಇಲ್ಲ,’ ಎಂದೆ.

ಆಗಸ್ಟ್ ೧೯, ಬುಧವಾರ

ವ್ಯಾಪಾರ ಚೆನ್ನಾಗಿದೆ. ತಿಮ್ಮರಾಯಪ್ಪನವರ ಜಾಗಕ್ಕೆ ಬಂದ ಹೊಸಬನಿಗೆ ಗೂಡಿನ ಕ್ರಮ ಬದಲಾದದ್ದೇ ತಿಳಿಯುವುದಿಲ್ಲ, ಅಷ್ಟು ಚುರುಕು. ನೀಲಗಂಗಮ್ಮ ಮಾತು ಕಡಿಮೆ ಮಾಡಿದ್ದಾಳೆ. ಮನೆ ಶಾಂತವಾಗಿದೆ.

ಸೆಪ್ಟೆಂಬರ್ ೨, ಬುಧವಾರ

ದೊಡ್ಡ ಯಜಮಾನರು ಬಂದಿದ್ದರು. ಗೌರಿ ಹಬ್ಬದ ಮಾಲು ನೋಡಬೇಕೆಂದರಂತೆ. ಬಹಳ ಇಳಿದುಹೋಗಿದ್ದಾರೆ. ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಹಳೆಯ ಹಾಗೆಯೇ ಕಣ್ಣು ಮುಚ್ಚಿ ಕೂತರು. ಗಿರಾಕಿಗಳಿಗೆ ನಾನು ಬಟ್ಟೆ ತೋರಿಸಿ ಬೆಲೆ ಹೇಳುತ್ತಿದ್ದೆ. ಅವರಿಗೆ ಕೆಮ್ಮು ಹೆಚ್ಚಾಗಿದೆ. ಒಂದು ಗಂಟೆಯಲ್ಲಿ ಹತ್ತು ಹನ್ನೆರಡು ಸಲ ಕೆಮ್ಮಿದರು. ಬಿಸಿನೀರು ತರಿಸಿಕೊಟ್ಟೆ. ಕುಡಿಯಲಿಲ್ಲ. ಹೋಗುವಾಗ ತಿಮ್ಮರಾಯಪ್ಪ ಎಲ್ಲಿ ಎಂದು ಕೇಳಿದರು. ಕೆಲಸ ಬಿಟ್ಟರು ಎಂದೆ.

ಅಕ್ಟೋಬರ್ ೨೪, ಶನಿವಾರ

ಜಯಶೀಲಾ ಬೇಗೂರಿಗೆ ಹೋಗಿದ್ದಳಂತೆ. ಪೊರೆ ತೆಗೆದಿದ್ದಾರೆ, ಕಣ್ಣಿಗೆ ಪಟ್ಟಿ ಕಟ್ಟಿದೆ, ಎಂದಳು. ಅವರ ಹೆಂಡತಿ ಮುನಿವೆಂಕಟಮ್ಮ ಊರ ದೇವರು ನಾಗೇಶ್ವರನಿಗೆ ಹರಕೆ ಹೊತ್ತಿದ್ದಾರಂತೆ.

‘ನಿಮ್ಮನ್ನ ಕೇಳಿದ್ರು ಸಾರ್.’

‘ಏನಂತ?’

‘ಹೆಂಗವ್ನೆ ಅಂತ.’

ಅವಳು ಉತ್ತರಕ್ಕೆ ಕಾದಳು. ಸಭೆಗೆ ಹೊತ್ತಾಗಿತ್ತು.

ಡಿಸೆಂಬರ್ ೯, ಬುಧವಾರ

ಹನ್ನೊಂದು ಗಂಟೆಗೆ ತಿಮ್ಮಣ್ಣ ಬಂದ. ದಪ್ಪ ಗಾಜಿನ ಹಿಂದೆ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಹೆಗಲ ಮೇಲೆ ಆ ಶಾಲು. ಗೆರೆ ಹೊರಮೈಗೆ ಬರುವ ಹಾಗೆ ಹೊದ್ದಿದ್ದ. ಎಡ ಹೆಗಲಿನಿಂದ ಬಲ ಸೊಂಟದವರೆಗೆ ಒಂದು ಬಿಳಿಚು ದಾರಿ.

ಕೌಂಟರಿನ ಹೊರಗೆ, ಗಿರಾಕಿಗಳ ಬೆಂಚಿನ ಮೇಲೆ ಕೂತ. ಗೂಡುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡಿದ.

‘ನೇರ್ಳೆ, ಬಿಳಿ, ಹಸ್ರು, ಕೆಂಪು,’ ಎಂದ. ‘ಯಾರೂ ಹೇಳ್ಕೊಟ್ಟಿಲ್ಲ ಇವತ್ತು.’

‘ಕಣ್ಣು ಚೆನ್ನಾಗಿದೆಯಾ?’

‘ಭಾಳ ಚೆನ್ನಾಗೈತೆ. ಮುನಿವೆಂಕಟಿಗೆ ಇಷ್ಟು ನೆರೆಗೂದ್ಲು ಬಂದದೆ ಅಂತ ಗೊತ್ತೇ ಇರ್ಲಿಲ್ಲ. ಅವ್ಳಿಗೊಂದು ಸೀರೆ ತೋರ್ಸು. ಮಗ್ಗದ್ದು, ಹಸ್ರು.’

ನಾನೇ ಎದ್ದು ತಂದೆ. ಮೇಲ್ವಿಚಾರಕ ಸೀರೆ ತೋರಿಸುವ ಪದ್ಧತಿಯಿಲ್ಲ, ಆದರೂ ತಂದೆ. ಬಿಚ್ಚಿದೆ. ಸೆರಗಿನ ಹತ್ತಿರ ಎರಡು ಎಳೆ ತಪ್ಪಿದ್ದು ಬಿಚ್ಚುವಾಗಲೇ ಕಂಡಿತು. ಬಣ್ಣ ಹೋಗುವುದಿಲ್ಲ, ಅಂಚು ಗಟ್ಟಿ, ಜಯನಗರದಲ್ಲೆಲ್ಲ ಇದೇ ಉಡುತ್ತಿದ್ದಾರೆ, ಎಂದು ಹೇಳುತ್ತ ಹೋದೆ. ಹೇಳುತ್ತ ಹೇಳುತ್ತ ಆ ಎಳೆಗಳ ಮೇಲೆ ಅಂಗೈ ಇಟ್ಟುಕೊಂಡಿದ್ದೆ.

ತಿಮ್ಮಣ್ಣ ಕೇಳುವಷ್ಟು ಕೇಳಿದ. ನನ್ನ ಕೈಯನ್ನೂ ನೋಡಿದ.

‘ನಾನೊಂದು ಐಬು ಹೇಳ್ಲಾ, ರೇವಣ್ಣ? ಇವತ್ತು ಶನಿವಾರ ಅಲ್ಲ.’

‘ಹೇಳು.’

ಅವನು ಹೆಗಲಿನಿಂದ ಶಾಲು ತೆಗೆದು ಸೀರೆಯ ಮೇಲೆ ಹಾಸಿದ. ಗೆರೆಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೆ ಎಳೆದ. ಕೋಪವಿರಲಿಲ್ಲ. ಚಿಕ್ಕಪೇಟೆಯಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದ ದನಿಯಲ್ಲೇ, ‘ಇಲ್ಲಿ ಬಿಸ್ಲು ತಿಂದದೆ,’ ಎಂದ.

‘ಒಪ್ಪಿದೆ,’ ಎಂದೆ.

ಅವನು ಶಾಲನ್ನು ಮೊದಲಿನ ಹಾಗೆಯೇ ಹೊದ್ದುಕೊಂಡ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಂಡ.

‘ಐಬು ಆಯ್ತಲ್ಲ. ಈಗ ಬೆಲೆ ಹೇಳು.’

ಸೀರೆಯ ಬೆಲೆಚೀಟಿ ನನ್ನ ಕೈಬರಹದ್ದೇ, ಹೋದ ವಾರ ನಾನೇ ಬರೆದದ್ದು. ಎತ್ತಿ ಹಿಡಿದೆ. ಓದಲು ಆಗಲಿಲ್ಲ. ಜಯಶೀಲಾ ಆಚೆ ಕೌಂಟರಿನಿಂದ ಬಂದು, ನನ್ನ ಅಂಗೈಯನ್ನು ಸೀರೆಯ ಮೇಲಿಂದ ಸರಿಸಿ, ‘ಸೆರಗಲ್ಲಿ ಎರಡು ಎಳೆ ತಪ್ಪಿದೆ ತಿಮ್ಮಣ್ಣ,’ ಎಂದಳು. ಆಮೇಲೆ ಚೀಟಿ ತೆಗೆದುಕೊಂಡು ಓದಿ ಹೇಳಿದಳು.